ನಾಮಪದದ ಹೊಟ್ಟೆಯಿಂದ ಬಂದ ಕ್ರಿಯಾಪದ

ಮೊದಲು ಕ್ರಿಯಾಪದ, ಆಮೇಲೆ ಅದರಿಂದ ನಾಮಪದ. ‘ಟೀಚ್’ ಇತ್ತು, ‘ಟೀಚರ್’ ಬಂತು. ಇಂಗ್ಲಿಷ್ ಪದಗಳೆಲ್ಲ ಹೀಗೇ ಹುಟ್ಟುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಸತ್ತದ್ದನ್ನು ಮತ್ತೆ ಎಬ್ಬಿಸು ಎನ್ನುವ ಅರ್ಥದ ‘ರೆಸರೆಕ್ಟ್’ ಈ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ.

‘ರೆಸರೆಕ್ಷನ್’ 1300ರ ಹೊತ್ತಿಗಾಗಲೇ ಇಂಗ್ಲಿಷಿನಲ್ಲಿತ್ತು, ಏಸುವಿನ ಪುನರುತ್ಥಾನದ ಹೆಸರಾಗಿ. ‘ರೆಸರೆಕ್ಟ್’ ಕಾಣಿಸಿಕೊಂಡದ್ದು 1770ರ ದಶಕದಲ್ಲಿ! 1611ರ ಕಿಂಗ್ ಜೇಮ್ಸ್ ಬೈಬಲ್ ತಿರುವಿಹಾಕಿ ನೋಡಿ. ನಾಮಪದ ಸಿಗುತ್ತದೆ, ಕ್ರಿಯಾಪದ ಸಿಗುವುದಿಲ್ಲ. ಸತ್ತವರು ಏಳುವುದಕ್ಕೆ ಅಲ್ಲಿ ‘ರೈಸ್’, ಎಬ್ಬಿಸುವುದಕ್ಕೆ ‘ರೇಸ್’.

ಲ್ಯಾಟಿನ್ ಮೂಲ ‘ರೆಸುರ್ಗೆರೆ’. ಮತ್ತೆ ಏಳು ಎಂದರ್ಥ. ಏಳುವವನು ತಾನಾಗಿಯೇ ಏಳುತ್ತಾನೆ. ಇಂಗ್ಲಿಷ್ ಜನ ಈ ವ್ಯಾಕರಣಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ‘ಷನ್’ ಇದೆ ಅಂದಮೇಲೆ ಅದರ ಹಿಂದೆ ಒಂದು ಕ್ರಿಯಾಪದ ಇರಲೇಬೇಕಲ್ವಾ? ಬಾಲ ಕತ್ತರಿಸಿದರು, ‘ರೆಸರೆಕ್ಟ್’ ಉಳಿಯಿತು. ಏಳು ಎನ್ನುವುದು ಎಬ್ಬಿಸು ಆಗಿಬಿಟ್ಟಿತು. ಭಾಷಾವಿಜ್ಞಾನದಲ್ಲಿ ಇದಕ್ಕೆ ಬ್ಯಾಕ್ ಫಾರ್ಮೇಶನ್ ಎನ್ನುತ್ತಾರೆ.

ಇದೇನು ಅಪರೂಪದ ಆಟವಲ್ಲ. ‘ಟೆಲಿವಿಷನ್’ ಬಂದಮೇಲೆ ‘ಟೆಲಿವೈಸ್’ ಹುಟ್ಟಿತು. ‘ಡಯಾಗ್ನೋಸಿಸ್’ ಇತ್ತು, 19ನೇ ಶತಮಾನದಲ್ಲಿ ‘ಡಯಾಗ್ನೋಸ್’ ಬಂತು. ಕನ್ನ ಹಾಕುವ ‘ಬರ್ಗ್ಲರ್’ ನೂರಾರು ವರ್ಷ ಕನ್ನ ಹಾಕಿದಮೇಲೆ ಅವನ ಕೆಲಸಕ್ಕೆ ‘ಬರ್ಗಲ್’ ಎಂಬ ಹೆಸರು ಸಿಕ್ಕಿತು. ಬಟಾಣಿಯ ಕಥೆ ಇನ್ನೂ ಮಜಾ. ಅದರ ಹಳೆಯ ಹೆಸರು ‘ಪೀಝ್’, ಅದು ಏಕವಚನವೇ. ಕೊನೆಯ ‘ಝ್’ ಕೇಳಿ ಬಹುವಚನ ಅಂದುಕೊಂಡರು, ಒಂದು ಕಾಳಿಗೆ ‘ಪೀ’ ಎಂದರು. ತಪ್ಪಾಗಿ ಕೇಳಿಸಿಕೊಂಡದ್ದೇ ಈಗ ಶುದ್ಧ ಇಂಗ್ಲಿಷ್. ಹಾಗಾಗಿ ‘ರೆಸರೆಕ್ಟ್’ ಅಶುದ್ಧ ಎಂದು 19ನೇ ಶತಮಾನದ ಭಾಷಾ ಮಡಿವಂತರು ಮೂಗು ಮುರಿದದ್ದು ಸುಮ್ನೆ ದಂಡ.

ಈ ಪದ ಹುಟ್ಟಿದ ಕಾಲದಲ್ಲೇ ಬ್ರಿಟನ್ನಿನಲ್ಲಿ ಇನ್ನೊಂದು ಬಗೆಯ ‘ರೆಸರೆಕ್ಷನ್’ ಜೋರಾಗಿತ್ತು. ಅಂಗರಚನೆ ಕಲಿಸುವ ಶಾಲೆಗಳಿಗೆ ಹೆಣ ಬೇಕು. 1752ರ ಕಾಯ್ದೆಯಂತೆ ಗಲ್ಲಿಗೇರಿದ ಕೊಲೆಗಾರರ ಹೆಣಗಳನ್ನು ಕೊಡಬಹುದಿತ್ತು, ಅವು ಸಾಲುತ್ತಿರಲಿಲ್ಲ. ಗೋರಿ ಅಗೆದು ಮಾರುವವರು ಹುಟ್ಟಿಕೊಂಡರು. ಜನ ಇಟ್ಟ ಹೆಸರು ‘ರೆಸರೆಕ್ಷನ್ ಮೆನ್’. ಸದ್ದಾಗದಂತೆ ಮರದ ಸಲಿಕೆ ಹಿಡಿಯುತ್ತಿದ್ದರು. ಪೂರ್ತಿ ಗೋರಿ ಅಗೆಯುತ್ತಿರಲಿಲ್ಲ. ತಲೆಯ ಕಡೆ ಮಾತ್ರ ಗುಂಡಿ ತೋಡಿ, ಪೆಟ್ಟಿಗೆಯ ಮುಚ್ಚಳ ಮುರಿದು, ಹಗ್ಗ ಹಾಕಿ ಎಳೆಯುತ್ತಿದ್ದರು. ಹೊದಿಸಿದ ಬಟ್ಟೆಯನ್ನು ಮಾತ್ರ ಅಲ್ಲೇ ಬಿಡುತ್ತಿದ್ದರು. ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಹೆಣ ಯಾರ ಆಸ್ತಿಯೂ ಅಲ್ಲ, ಬಟ್ಟೆ ಆಸ್ತಿ! 1828ರಲ್ಲಿ ಎಡಿನ್‌ಬರೋದ ಬರ್ಕ್ ಮತ್ತು ಹೇರ್ ಅಗೆಯುವ ಶ್ರಮವೇ ಬೇಡವೆಂದು 16 ಜನರನ್ನು ಕೊಂದು ಹೆಣ ಮಾರಿದರು. ಬರ್ಕ್‌ನನ್ನು 1829ರಲ್ಲಿ ಗಲ್ಲಿಗೇರಿಸಿದರು. ಉಸಿರುಗಟ್ಟಿಸಿ ಕೊಲ್ಲುವುದಕ್ಕೆ ‘ಬರ್ಕ್’ ಎಂಬ ಕ್ರಿಯಾಪದವೇ ಬಂತು. ವಾರಸುದಾರರಿಲ್ಲದ ಹೆಣಗಳನ್ನು ಶಾಲೆಗಳಿಗೆ ಕೊಡಲು ಅವಕಾಶ ಮಾಡಿದ 1832ರ ಅನಾಟಮಿ ಕಾಯ್ದೆ ಬಂದಮೇಲೆ ಈ ದಂಧೆ ಇಳಿಯಿತು.

ಸಮಾನಾರ್ಥಕಗಳ ಪಟ್ಟಿಯಲ್ಲಿ ‘ರಿವೈವ್’, ‘ರಿಸ್ಟೋರ್’, ‘ರೆಸಸಿಟೇಟ್’ ಎಲ್ಲ ಒಟ್ಟಿಗೆ ಕೂತಿರುತ್ತವೆ. ಬಳಕೆಯಲ್ಲಿ ಅವು ಬೇರೆ ಬೇರೆ. ಬಣ್ಣ ಹೋದ ಹಳೆಯ ಚಿತ್ರವನ್ನು ಮೊದಲಿನಂತೆ ಮಾಡಿದರೆ ‘ರಿಸ್ಟೋರ್’. ಮೂರ್ಛೆ ಹೋದವರನ್ನು ಎಚ್ಚರಿಸಿದರೆ ‘ರಿವೈವ್’. ಇನ್ನು ಮುಗಿಯಿತು ಎಂದು ಎಲ್ಲರೂ ಕೈಬಿಟ್ಟ ಯೋಜನೆಯನ್ನೋ ನಟನ ವೃತ್ತಿಜೀವನವನ್ನೋ ಮೇಲೆತ್ತಿದರೆ ‘ರೆಸರೆಕ್ಟ್’.

ಇಲ್ಲಿ ನನಗೆ ಸಿಟ್ಟು ಬರುವ ವಿಷಯ ಒಂದಿದೆ. ಹೃದಯ ನಿಂತ ರೋಗಿ ಚೇತರಿಸಿಕೊಂಡರೆ ‘ಸತ್ತು ಬದುಕಿದ, ಪವಾಡ’ ಎಂದು ಸುದ್ದಿ ಹಬ್ಬುತ್ತದೆ. ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ ಸಿಪಿಆರ್. ಅದರ ಕೊನೆಯ ‘ಆರ್’ ಎಂದರೆ ರೆಸಸಿಟೇಷನ್, ರೆಸರೆಕ್ಷನ್ ಅಲ್ಲ. ರೆಸಸಿಟೇಷನ್ನಿನ ಲ್ಯಾಟಿನ್ ಮೂಲದ ಅರ್ಥ ಮತ್ತೆ ಎಚ್ಚರಗೊಳಿಸು ಎಂದಷ್ಟೇ. ಹೃದಯ ನಿಂತ ಕ್ಷಣವೇ ಮೆದುಳಿನ ಜೀವಕೋಶಗಳೆಲ್ಲ ಸಾಯುವುದಿಲ್ಲ, ಕೆಲವು ನಿಮಿಷ ಸಮಯವಿರುತ್ತದೆ. ಎದೆ ಒತ್ತಿದಾಗ ರಕ್ತ ಅಷ್ಟಿಷ್ಟು ಹರಿದು ಆ ಸಮಯ ಹಿಗ್ಗುತ್ತದೆ. 1960ರಲ್ಲಿ ಅಮೆರಿಕದ ಕೌವೆನ್‌ಹೋವೆನ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಈ ವಿಧಾನವನ್ನೇ. ಅದಕ್ಕೆ ಬರಿಗೈ ಸಾಕು ಎಂದೂ ಅವರು ತೋರಿಸಿಕೊಟ್ಟರು.