ವೈಮೇಯಾದ ಅಲೆ ಹುಟ್ಟುವುದು ವೈಮೇಯಾದಲ್ಲಲ್ಲ

ಹವಾಯಿಯ ಒವಾಹು ದ್ವೀಪದ ಉತ್ತರ ದಂಡೆಯಲ್ಲಿ ವೈಮೇಯಾ ಕೊಲ್ಲಿ ಇದೆ. ಬೇಸಿಗೆಯಲ್ಲಿ ಮಕ್ಕಳು ಈಜುವಷ್ಟು ಶಾಂತ. ಚಳಿಗಾಲದಲ್ಲಿ ಅಲ್ಲೇ 40 ಅಡಿಯ ಅಲೆ ಏಳುತ್ತದೆ. ಹುಣ್ಣಿಮೆಯ ಉಬ್ಬರ ಅಂದುಕೊಳ್ಳುವವರು ಜಾಸ್ತಿ. ಖಂಡಿತ ಅಲ್ಲ! ಅಲ್ಲಿ ಉಬ್ಬರ-ಇಳಿತದ ಅಂತರ ಒಂದು ಮೀಟರೂ ಇರುವುದಿಲ್ಲ. ದಡದಲ್ಲಿ ಎಲೆ ಅಲುಗದ ದಿನವೂ ಅಲೆ ಬರುತ್ತದೆ.

ಅದು ಹುಟ್ಟಿದ್ದು ಸಾವಿರಾರು ಕಿ.ಮೀ. ಆಚೆ, ಉತ್ತರ ಪೆಸಿಫಿಕ್‌ನ ಬಿರುಗಾಳಿಯಲ್ಲಿ. ಆದರೆ ಅಲ್ಲಿಂದ ನೀರು ಹರಿದು ಬರುವುದಿಲ್ಲ, ಶಕ್ತಿ ಮಾತ್ರ ಬರುತ್ತದೆ. ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದಾಗ ತೆರೆ ಆ ಬದುವಿನ ತನಕ ಓಡುತ್ತದೆ, ಪೈರು ನಿಂತಲ್ಲೇ ಇರುತ್ತದೆ, ಅಲ್ವಾ? ಹಾಗೆ.

ನನಗೆ ತುಂಬಾ ಇಷ್ಟವಾಗುವುದು ಮುಂದಿನದು. ಬಿರುಗಾಳಿ ಎಲ್ಲ ಬಗೆಯ ಅಲೆಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ. ದಾರಿಯಲ್ಲಿ ಅವು ತಾವಾಗಿ ಬೇರೆಯಾಗುತ್ತವೆ. 20 ಸೆಕೆಂಡಿಗೊಂದು ಬರುವ ಉದ್ದನೆಯ ಅಲೆಗಳ ಶಕ್ತಿ ಆಳ ಕಡಲಲ್ಲಿ ಗಂಟೆಗೆ ಸುಮಾರು 56 ಕಿ.ಮೀ. ಸಾಗುತ್ತದೆ. 12 ಸೆಕೆಂಡಿನವುಗಳದ್ದು ಬರೀ 34. ಹಾಗಾಗಿ 3,000 ಕಿ.ಮೀ. ದೂರದ ಬಿರುಗಾಳಿಯಿಂದ ಮೊದಲನೆಯವು ಎರಡು ದಿನ ದಾಟುತ್ತಲೇ ತಲುಪಿದರೆ, ಎರಡನೆಯವು ಹೆಚ್ಚುಕಡಿಮೆ ನಾಲ್ಕನೇ ದಿನಕ್ಕೆ ಬರುತ್ತವೆ. ಎರಡು ಅಲೆಗಳ ನಡುವಿನ ಸೆಕೆಂಡು ದಿನದಿಂದ ದಿನಕ್ಕೆ ಎಷ್ಟು ಕಡಿಮೆಯಾಯಿತು ಎಂದು ಎಣಿಸಿದರೆ ಸಾಕು, ಬಿರುಗಾಳಿ ಎಷ್ಟು ದೂರದಲ್ಲಿತ್ತು ಎಂದು ಲೆಕ್ಕ ಹಾಕಬಹುದು. ಸಾಗರ ವಿಜ್ಞಾನಿ ವಾಲ್ಟರ್ ಮಂಕ್ 1963ರಲ್ಲಿ ದಕ್ಷಿಣ ಧ್ರುವದ ಕಡೆಯ ಅಲೆಗಳನ್ನು ಅಲಾಸ್ಕಾದವರೆಗೂ ಬೆನ್ನಟ್ಟಿದ್ದು ಇದೇ ಲೆಕ್ಕದಿಂದ.

ಹವಾಯಿ ಆಳ ಕಡಲಿನಿಂದ ನೇರ ಎದ್ದ ಜ್ವಾಲಾಮುಖಿ. ಸುತ್ತ ಅಗಲವಾದ ಆಳವಿಲ್ಲದ ನೆಲ ಇಲ್ಲ. ಅಲೆ ಶಕ್ತಿ ಕಳೆದುಕೊಳ್ಳದೆ ಬಂದು ದಡದ ಹತ್ತಿರ ತಟ್ಟನೆ ಎದ್ದು ನಿಲ್ಲುತ್ತದೆ.

1943ರಲ್ಲಿ ಡಿಕ್ಕಿ ಕ್ರಾಸ್ ಎಂಬ ಹುಡುಗ ಇಲ್ಲಿ ಮುಳುಗಿಹೋದ. ಆಮೇಲೆ ದೊಡ್ಡ ಅಲೆ ಎದ್ದಾಗ ಇಲ್ಲಿ ಇಳಿಯಲು ಸರ್ಫರ್‌ಗಳು, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರು, ಹೆದರಿದರು. ದೆವ್ವದ ಕಥೆಗಳೂ ಹುಟ್ಟಿದವು. ಆ ಹೆದರಿಕೆ ಮುರಿದದ್ದು 1957ರ ನವೆಂಬರ್‌ನಲ್ಲಿ, ಗ್ರೆಗ್ ನೋಲ್ ಮತ್ತು ಗೆಳೆಯರು ಹಲಗೆ ಹಿಡಿದು ಇಳಿದಾಗ. ದೆವ್ವ ಯಾರನ್ನೂ ಎಳೆಯಲಿಲ್ಲ. ಇಲ್ಲಿ ಪ್ರಾಣ ತೆಗೆಯುವುದು ಅಲೆ, ಅದಕ್ಕೆ ಬೇಕಾದದ್ದು ಮುಳುಗುವವರನ್ನು ಕಾಪಾಡುವ ಒಳ್ಳೆಯ ಕಾವಲುಗಾರ.

ಆ ಕಾವಲುಗಾರ 1968ರಲ್ಲಿ ಬಂದರು: ಎಡ್ಡಿ ಐಕಾವ್, ಹವಾಯಿಯವರೇ. 1978ರಲ್ಲಿ ಅವರಿದ್ದ ಹೊಕುಲೆಯಾ ಎಂಬ ಹಾಯಿದೋಣಿ ಮಗುಚಿತು. ನೆರವು ತರುತ್ತೇನೆಂದು ಎಡ್ಡಿ ಸರ್ಫ್ ಹಲಗೆಯ ಮೇಲೆ ಒಬ್ಬರೇ ಹೊರಟರು. ಉಳಿದವರನ್ನು ಕಾಪಾಡಲಾಯಿತು, ಎಡ್ಡಿ ಮಾತ್ರ ಸಿಗಲೇ ಇಲ್ಲ. ಅವರ ಹೆಸರಿನ ಸ್ಪರ್ಧೆ ಅಲೆಯ ಮುಖ (ಎದುರಿನಿಂದ ಕಾಣುವ ಎತ್ತರ) 40 ಅಡಿ ಮುಟ್ಟುವ ದಿನವಷ್ಟೇ ನಡೆಯುತ್ತದೆ. ಎಷ್ಟೋ ಚಳಿಗಾಲ ನಡೆಯುವುದೇ ಇಲ್ಲ. ವೈಮೇಯಾದಲ್ಲಿ ಮೊದಲ ಸಲ ನಡೆದಾಗ ಗೆದ್ದವರು ಅವರ ತಮ್ಮ ಕ್ಲೈಡ್.