ನೀರುಕಾಗೆ ರೆಕ್ಕೆ ಬಿಚ್ಚಿದ್ದಕ್ಕೆ ಅರ್ಥ ಏನು?

ಹೋದ ವರ್ಷ ಶರಾವತಿ ಹಿನ್ನೀರಿನಲ್ಲಿ ಒಂದು ಫೋಟೋ ತೆಗೆದೆ. ಹೊಳೆಬಾಗಿಲಿನ ಕಡೆಯ ದಡ, ಬೆಳಗಿನ ಹೊತ್ತು. ನೀರಿನ ನಡುವೆ ಎಲೆ ಇಲ್ಲದ ಒಂದು ಒಣ ಮರ, ಅದರ ತುದಿಯಲ್ಲಿ ಎರಡೂ ರೆಕ್ಕೆ ಅಗಲಿಸಿ ಕೂತ ನೀರುಕಾಗೆ, ಹಿಂದೆ ಕರಗುತ್ತಿರುವ ಮಂಜು. ಶಿವಮೊಗ್ಗಕ್ಕೆ ಬಂದು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಯ ಹಾಲ್‌ನಲ್ಲಿ ನೇತುಹಾಕಿದೆ. ಅಲ್ಲಿಂದ ಶುರುವಾಯಿತು. ಒಬ್ಬ ಗೆಳೆಯ ಇದು ಶಿಲುಬೆ ಎಂದ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಗೆಳತಿ, "ಮನುಷ್ಯನ ಒಂಟಿತನ ಕಣೋ ಇದು" ಎಂದಳು. ನನಗೆ ನಗು ಬಂತು. ನೀರುಕಾಗೆಯ ಗರಿ ಬಾತುಕೋಳಿಯದರಷ್ಟು ನೀರನ್ನು ತಡೆಯುವುದಿಲ್ಲ, ಒದ್ದೆಯಾಗುತ್ತದೆ. ಒದ್ದೆಯಾದರೆ ಮೈ ತೇಲುವುದು ಕಡಿಮೆ, ಮುಳುಗಿ ಮೀನು ಹಿಡಿಯಲು ಅನುಕೂಲ. ಹೊಟ್ಟೆ ತುಂಬಿದ ಮೇಲೆ ರೆಕ್ಕೆ ಒಣಗಿಸಿಕೊಳ್ಳಬೇಕು. ಬಟ್ಟೆ ಒಣಹಾಕಿದ ಹಾಗೆ, ಅಷ್ಟೇ.

ಆದರೆ ಗೆಳೆಯರನ್ನು ದೂರಿ ಪ್ರಯೋಜನ ಇಲ್ಲ, ನಮ್ಮ ಮಿದುಳು ಇರುವುದೇ ಹಾಗೆ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಸಿನಿಮಾ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ಸಣ್ಣ ವೃತ್ತ, ಬಾಗಿಲಿರುವ ಒಂದು ಆಯತ. ಅವು ಅತ್ತಿತ್ತ ಓಡಾಡುತ್ತವೆ. ಏನು ಕಂಡಿರಿ ಬರೆಯಿರಿ ಎಂದಾಗ ಮೊದಲ ಗುಂಪಿನ 34 ಜನರಲ್ಲಿ ಒಬ್ಬರು ಮಾತ್ರ "ತ್ರಿಕೋನ ಚಲಿಸಿತು" ಎಂಬ ಧಾಟಿಯಲ್ಲಿ ಬರೆದರು. ಉಳಿದವರೆಲ್ಲ ಜಗಳ, ಪ್ರೀತಿ, ಗೂಂಡಾಗಿರಿ ಅಂತ ಕತೆ ಕಟ್ಟಿದರು! ಮುಖದ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. 1976ರಲ್ಲಿ ವೈಕಿಂಗ್ 1 ನೌಕೆ ಮಂಗಳದ ಒಂದು ದಿಬ್ಬದ ಫೋಟೋ ಕಳಿಸಿದಾಗ, ನೆರಳಿನಿಂದಾಗಿ ಅದು ಮನುಷ್ಯನ ಮುಖದಂತೆ ಕಂಡಿತ್ತು. ನೆರಳಿನ ಆಟ ಎಂದು ನಾಸಾ ಆಗಲೇ ಹೇಳಿದರೂ ಕೇಳಿದವರು ಯಾರು? 1998 ಮತ್ತು 2001ರಲ್ಲಿ ಬೇರೊಂದು ನೌಕೆ ಇನ್ನೂ ಸ್ಪಷ್ಟ ಚಿತ್ರ ತೆಗೆದಾಗ ಅಲ್ಲಿ ಕಂಡದ್ದು ಬರೀ ಸವೆದ ಗುಡ್ಡ. ಕತ್ತಲಲ್ಲಿ ತೋಟದ ದಾರಿ ಹಿಡಿದವರಿಗೆ ಇದರ ಕಾರಣ ವಿವರಿಸಬೇಕಿಲ್ಲ. ಒಣಗಿದ ಸೋಗೆ ಸರಿದಾಡಿದ್ದನ್ನು ಹುಲಿ ಎಂದುಕೊಂಡರೆ ಒಂದು ಸಲ ಎದೆ ಧಸಕ್ ಅನ್ನುತ್ತದೆ. ಹುಲಿಯನ್ನು ಸೋಗೆ ಎಂದುಕೊಂಡರೆ ಕತೆ ಮುಗಿಯಿತು.

ಹಾಗಾದರೆ ಪ್ರತೀಕ ಹುಡುಕುವುದೆಲ್ಲ ಭ್ರಮೆಯಾ? ಇಲ್ಲಿ ಫೋಟೋವನ್ನೂ ಸಾಹಿತ್ಯವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಕ್ಯಾಮೆರಾ ಎದುರಿಗಿರುವುದನ್ನೆಲ್ಲ ಕೇಳದೆಯೇ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಚಿತ್ರದ ಮೂಲೆಯಲ್ಲಿ ತೇಲುತ್ತಿರುವ ನೀರಿನ ಬಾಟಲಿ ಪ್ರಿಂಟ್ ಬಂದ ಮೇಲೆಯೇ ನನ್ನ ಕಣ್ಣಿಗೆ ಬಿದ್ದಿದ್ದು. ಕತೆಯಲ್ಲಿ ಹಾಗೆ ತಾನಾಗಿ ಏನೂ ತೇಲಿ ಬರುವುದಿಲ್ಲ. ಬಾಟಲಿ ಇದ್ದರೆ ಯಾರೋ ಬರೆದಿರಬೇಕು. ಬರೆದದ್ದೆಲ್ಲ ಪ್ರತೀಕ ಎಂದೂ ಅಲ್ಲ. ಮಲೆನಾಡಿನ ಕತೆಯಲ್ಲಿ ಹುಡುಗಿ ಸಂಕ (ಹಳ್ಳದ ಮೇಲಿನ ಮರದ ಕಾಲುಸೇತುವೆ) ದಾಟಿದರೆ ಪೇಟೆಯ ಓದುಗ ಅದನ್ನು ಬದುಕು-ಸಾವಿನ ನಡುವಿನ ಸೇತುವೆ ಮಾಡಿಬಿಡಬಹುದು, ಸಂಕ ದಾಟದೆ ಅವಳು ಮನೆ ಸೇರುವುದೇ ಹೇಗೆ ಮಾರಾಯ! ಅದೇ ಸಂಕ ಮೊದಲು ಗಟ್ಟಿಯಾಗಿದ್ದು, ಮದುವೆಯ ಹೊತ್ತಿಗೆ ಅಲ್ಲಾಡಿ, ಕೊನೆಗೆ ಮಳೆಗಾಲದ ಹಳ್ಳದಲ್ಲಿ ಕೊಚ್ಚಿಹೋದರೆ ಆಗ ನಾನೂ ಕಿವಿ ನಿಮಿರಿಸುತ್ತೇನೆ. ಅಲಂಕಾರಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆ ಇದೆ, "ಸೂರ್ಯ ಮುಳುಗಿದ" ಎಂಬ ಮಾತು. ದನ ಕಾಯುವವನಿಗೆ ಅದು ಮನೆಗೆ ಹೊರಡು ಎಂದು, ಪ್ರಿಯಕರನನ್ನು ಕಾಣಬೇಕಾದವಳಿಗೆ ಇನ್ನೇನು ಹೊತ್ತಾಯಿತು ಎಂದು. ಅರ್ಥ ಹಲವು, ಆದರೆ ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಅದನ್ನು ಹಿಡಿದಿಟ್ಟಿದೆ.

ಬರೆದವರನ್ನೇ ಕೇಳಿದರೆ ಆಗದೇ? 1963ರಲ್ಲಿ ಬ್ರೂಸ್ ಮ್ಯಾಕ್‌ಅಲಿಸ್ಟರ್ ಎಂಬ ಅಮೆರಿಕದ ಹುಡುಗ, ಆಗ 16 ವರ್ಷ, ಇಂಗ್ಲಿಷ್ ಪಾಠದಲ್ಲಿ ಪ್ರತೀಕ ಹುಡುಕುವ ಕಾಟ ತಡೆಯಲಾರದೆ, ನೀವು ಅವನ್ನು ಬೇಕೆಂದೇ ಇಡುತ್ತೀರಾ ಎಂದು 150 ಲೇಖಕರಿಗೆ ಬರೆದು ಕೇಳಿದ. ಸುಮಾರು ಅರ್ಧದಷ್ಟು ಜನ ಉತ್ತರ ಕೊಟ್ಟರು. ಬೇಕೆಂದೇ ಇಡುವುದಿಲ್ಲ ಎಂದವರಿದ್ದರು, ನಮಗೆ ಗೊತ್ತಿಲ್ಲದೆ ಬಂದುಬಿಡುತ್ತದೆ ಎಂದವರೂ ಇದ್ದರು. ಜಗಳ ಅಲ್ಲೇ ಉಳಿಯಿತು.

ನನ್ನ ಫೋಟೋಗೆ ಮತ್ತೆ ಬರುತ್ತೇನೆ. ಮನೆಗೆ ಬಂದ ಹಿರಿಯರೊಬ್ಬರು ಹಕ್ಕಿಯನ್ನು ನೋಡಲೇ ಇಲ್ಲ. ಮರ ನೋಡಿ, "ಮತ್ತಿ ಇರಬೇಕು ಅಲ್ವಾ, ನಮ್ಮ ಗದ್ದೆ ಅಂಚಿನಲ್ಲೂ ಹೀಗೇ ಇತ್ತು" ಎಂದರು. ಅವರದು ಮುಳುಗಡೆಯಾದ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಕಾಡು, ಗದ್ದೆ, ಮನೆ ಎಲ್ಲ ಒಟ್ಟಿಗೆ ಹೋದವು. ಸತ್ತ ಮರದ ಬುಡ ಇನ್ನೂ ನಿಂತಿರುವುದಕ್ಕೂ ಕಾರಣ ಇದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಆಮ್ಲಜನಕ ಬೇಕು, ನೀರಿನಡಿಯಲ್ಲಿ ಅದು ತೀರಾ ಕಡಿಮೆ. ಕೊಳೆಯುವುದು ಹೆಚ್ಚಾಗಿ ನೀರು ಏರಿಳಿಯುವ ಮಟ್ಟದಲ್ಲಿ, ಒದ್ದೆಯೂ ಗಾಳಿಯೂ ಸೇರುವ ಕಡೆ.

ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ ಚಿಹ್ನೆಗಳನ್ನು ಮೂರು ಬಗೆಯಾಗಿ ನೋಡಿದ. ಹೋಲಿಕೆಯಿಂದ ಸೂಚಿಸುವುದು, ರೂಢಿಯಿಂದ ಸೂಚಿಸುವುದು, ಮತ್ತೆ ಕಾರಣದ ನಂಟಿನಿಂದ ಸೂಚಿಸುವುದು, ಬೆಂಕಿಗೆ ಹೊಗೆಯ ಹಾಗೆ. ಶಿಲುಬೆ ಎಂದ ಗೆಳೆಯ ಮೊದಲೆರಡರಲ್ಲಿದ್ದ. ಈ ಹಿರಿಯರು ನೋಡಿದ್ದು ಮೂರನೆಯದನ್ನು. ಆ ಮರ ಮುಳುಗಡೆಗೆ ಪ್ರತೀಕ ಆಗಬೇಕಾಗಿಯೇ ಇಲ್ಲ, ಅದು ಮುಳುಗಡೆಯ ಕುರುಹು. ನಾನು ಮಂಜು-ಬೆಳಕು ಅಂತ ಕ್ಲಿಕ್ ಮಾಡಿದ್ದೆ, ಆದರೂ ಅವರು ಹೇಳಿದ್ದು ಫೋಟೋದೊಳಗೇ ಇತ್ತು. (ಹಾಗೆಂದು ಆಗುಂಬೆಯಲ್ಲಿ ಗುಡ್ಡದ ಮೇಲೆ ಬೆಳ್ಳಗೆ ಕಂಡದ್ದೆಲ್ಲ ಹೊಗೆಯಲ್ಲ. ಆವಿಯನ್ನು ಹೊಗೆ ಎಂದು ಬಗೆದು ಬೆಂಕಿ ಊಹಿಸುವ ತಪ್ಪನ್ನು ನಮ್ಮ ತರ್ಕಶಾಸ್ತ್ರದವರು ಎಂದೋ ಗುರುತಿಸಿದ್ದಾರೆ.)

ಆಮೇಲೆ ಸುಮ್ನೆ ಕೂತು ಆ ದಿನದ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಅದೇ ಮರದ ನಲವತ್ತು ಫೋಟೋ. ಹಕ್ಕಿ ರೆಕ್ಕೆ ಬಿಚ್ಚಿದ್ದು ಮೂರರಲ್ಲಿ. ಉಳಿದವುಗಳಲ್ಲಿ ಅದು ಕತ್ತು ಕೆರೆದುಕೊಳ್ಳುತ್ತಿದೆ, ಹಿಕ್ಕೆ ಹಾಕುತ್ತಿದೆ. ಮೂವತ್ತೇಳನ್ನು ಬಿಟ್ಟು ಮೂರರಲ್ಲಿ ಒಂದನ್ನು ಆರಿಸಿ ಪ್ರಿಂಟ್‌ಗೆ ಕಳಿಸಿದವನು ನಾನೇ. ಗೆಳತಿಗೆ ಫೋನ್ ಮಾಡಿ ಇದನ್ನು ಹೇಳಿದರೆ ಅವಳು ಜೋರಾಗಿ ನಕ್ಕಳು.