ಚೀಟಿಗೆ ಮಾಲು, ಮಾರಿಗಲ್ಲ: ಐಎಎಂ ಓದುವಾಗ ನಾನು ಎಡವಿದ ಜಾಗ

ಮೂರು ತಿಂಗಳಿಂದ ಕಲಬುರಗಿಯಲ್ಲೇ ಕೂತು ಐಎಎಂ ಕೆಲಸಕ್ಕೆ ಓದುತ್ತಿದ್ದೇನೆ. ಐಡೆಂಟಿಟಿ ಆ್ಯಂಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್. ಕಂಪನಿಯಲ್ಲಿ ಯಾರಿಗೆ ಲಾಗಿನ್ ಕೊಡಬೇಕು, ಒಳಗೆ ಬಂದವರಿಗೆ ಏನೇನು ತೆರೆಯಬೇಕು, ಬಿಟ್ಟು ಹೋದಾಗ ಏನೇನು ಮುಚ್ಚಬೇಕು ಅಂತ ನೋಡಿಕೊಳ್ಳುವ ಕೆಲಸ. ಮೊನ್ನೆ ಫೋನ್ ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆಗೆ ಬಾಯಿ ಕಟ್ಟಿತು: ಐಡಿ ಟೋಕನ್ ಇರುವಾಗ ಆಕ್ಸೆಸ್ ಟೋಕನ್ ಯಾಕೆ? ಟೋಕನ್ ಅಂದರೆ ಲಾಗಿನ್ ಸರ್ವರ್ ಆ್ಯಪ್‌ಗೆ ಬರೆದುಕೊಡುವ ಡಿಜಿಟಲ್ ಚೀಟಿ. ಈಗ ತಿಳಿದಿದೆ. ಮರೆಯೋ ಮೊದಲು ಬರೆದಿಡುತ್ತೇನೆ.

ಮೊದಲು ಬೇಗ ಮುಗಿಯೋದು

ಅಥೆಂಟಿಕೇಶನ್ ಅಂದರೆ ನೀನು ಯಾರು. ಅಥರೈಸೇಶನ್ ಅಂದರೆ ನಿನಗೆ ಏನು ಸಿಗುತ್ತೆ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡೋದೇ ಬೇಡ. ಆಧಾರ್ ತೋರಿಸಿದರೆ ನಾನು ಯಾರು ಅಂತ ಗೊತ್ತಾಗುತ್ತೆ. ಅಷ್ಟಕ್ಕೇ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಸಿಗಲ್ಲ, ಅದಕ್ಕೆ ಬೇರೆ ಪ್ರಮಾಣಪತ್ರ ಬೇಕು. ಆ ಪತ್ರಕ್ಕೆ ಓಡಾಡಿದವರಿಗೆಲ್ಲ ಅಥರೈಸೇಶನ್ ಚೆನ್ನಾಗೇ ಗೊತ್ತು!

ಲಾಗಿನ್, ಒಪ್ಪಿಗೆಯ ವಿಷಯ ಒಂದು ಸಿಸ್ಟಮ್ ಇನ್ನೊಂದಕ್ಕೆ ಹೇಳಲು ಮೂರು ಪದ್ಧತಿಗಳಿವೆ: ಸ್ಯಾಮಲ್ 2.0 ಬಂದದ್ದು 2005ರಲ್ಲಿ, ಓಆಥ್ 2.0 ಬಂದದ್ದು 2012ರಲ್ಲಿ, ಓಪನ್‌ಐಡಿ ಕನೆಕ್ಟ್ 2014ರಲ್ಲಿ. ಸ್ಯಾಮಲ್ ಎಕ್ಸ್‌ಎಂಎಲ್‌ನಲ್ಲಿ ಮಾತಾಡುತ್ತೆ, ಕೊನೆಯದು ಜೇಸನ್‌ನಲ್ಲಿ; ಎರಡೂ ಡೇಟಾ ಬರೆಯುವ ಬಗೆಗಳು. ಕಂಪನಿಯ ಯೂಸರ್ ಪಟ್ಟಿಯನ್ನ ಕೇಳಿ ನೋಡುವ ಎಲ್‌ಡ್ಯಾಪ್‌ನ ಪೋರ್ಟ್ (ಸರ್ವರ್‌ನ ಬಾಗಿಲ ನಂಬರ್) 389, ಅದರ ಸುರಕ್ಷಿತ ರೂಪ 636. ಕಂಪನಿ ನೆಟ್‌ವರ್ಕ್ ಒಳಗಿನ ಲಾಗಿನ್ ಪದ್ಧತಿ ಕರ್ಬರೋಸ್‌ಗೆ 88. ಇಷ್ಟು ಬಾಯಿಪಾಠ ಮಾಡಿಕೊಳ್ಳಿ ಸಾಕು.

ನಾನು ಎಡವಿದ್ದು ಇಲ್ಲಿ

ಓಆಥ್ ಲಾಗಿನ್‌ಗೆ ಇರೋದು ಅಂತ ನಾನು ತಿಳಿದಿದ್ದೆ. ಅಲ್ಲ. ನನ್ನ ಪಾಸ್‌ವರ್ಡ್ ಕೊಡದೆ, ನನ್ನ ಪರವಾಗಿ ಒಂದು ಆ್ಯಪ್ ಏನನ್ನೋ ತೆಗೆದುಕೊಳ್ಳಲು ಒಪ್ಪಿಗೆ ಕೊಡೋದು ಅದರ ಕೆಲಸ. ಆ ಒಪ್ಪಿಗೆಯೇ ಆಕ್ಸೆಸ್ ಟೋಕನ್. ವಿಡಿಯೋದಲ್ಲಿ ಎಷ್ಟು ಸಲ ಕೇಳಿದರೂ ತಲೆಗೆ ಹೋಗಲಿಲ್ಲ. ಹೋಗಿದ್ದು ತೊಗರಿ ಸುಗ್ಗಿಯಲ್ಲಿ, ಕಾಕಾನ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯಲು ಕೂತಾಗ.

ಟಂಟಂನವನೊಬ್ಬ ಚೀಟಿ ಹಿಡಿದು ಬಂದ. ಅದರಲ್ಲಿ ಇದ್ದದ್ದು ಇಷ್ಟು: ಇದೇ ಗೋದಾಮಿನಿಂದ 20 ಚೀಲ, ಇವತ್ತಿನ ತಾರೀಕು, ಕೆಳಗೆ ಕಾಕಾನ ಸಹಿ. ಹಮಾಲರು ಚೀಲ ಏರಿಸಿಬಿಟ್ಟರು. ಅವನ ಹೆಸರನ್ನೂ ಯಾರೂ ಕೇಳಲಿಲ್ಲ.

"ಕಾಕಾ, ಅವ ಯಾರಂತ ಕೇಳಲ್ಲೇನ್ರಿ?" ಅಂದೆ.

"ಚೀಟಿಗಿ ಮಾಲ್ ಕೊಡ್ತೀವಿ, ಮಾರಿಗಲ್ಲ," ಅಂದರು ಕಾಕಾ. "ಸಹಿ ನಂದದ, ತಾರೀಕು ಇವತ್ತಿಂದದ. ಮತ್ತೇನ್ ಬೇಕು?"

ಮಾರಿ ಅಂದರೆ ನಮ್ಮ ಕಡೆ ಮುಖ. ಆಕ್ಸೆಸ್ ಟೋಕನ್ ಅಂದರೆ ಆ ಚೀಟಿ. ಹಿಡಿದು ಬಂದವನಿಗೆ ಮಾಲು. ಅದಕ್ಕೇ ಅದನ್ನ ಬೇರರ್ ಟೋಕನ್ ಅನ್ನೋದು. ಚೀಟಿ ದಾರಿಯಲ್ಲಿ ಬಿದ್ದು ಬೇರೆಯವನ ಕೈಗೆ ಸಿಕ್ಕರೆ 20 ಚೀಲ ಅವನದೇ. ಅದಕ್ಕೇ ಅದರ ಆಯಸ್ಸು ಚಿಕ್ಕದಾಗಿ ಇಡುತ್ತಾರೆ.

ಐಡಿ ಟೋಕನ್ ಬೇರೆ. ಅದನ್ನ ಕೊಡೋದು ಓಆಥ್ ಮೇಲೆ ಕಟ್ಟಿದ ಓಪನ್‌ಐಡಿ ಕನೆಕ್ಟ್, ಲಾಗಿನ್‌ಗೆ ಇರೋದು ಅದೇ. ಅದು ಕಾಕಾ ಒಬ್ಬ ವ್ಯಾಪಾರಿಗೆ ಬರೆದ ಪತ್ರ ಇದ್ದ ಹಾಗೆ: "ಈ ಪತ್ರ ನಿಮಗೆ ಮಾತ್ರ. ಈ ಹುಡುಗ ಇಂಥವನು, ನಾನೇ ಈಗ ನೋಡಿ ಗುರುತು ಹಿಡಿದಿದ್ದೇನೆ." ಅದನ್ನ ಗೋದಾಮಿಗೆ ಒಯ್ದರೆ ಒಂದು ಚೀಲವೂ ಸಿಗಬಾರದು.

ಹಾಗಾದರೆ ಚೀಟಿ ತೋರಿಸಿ "ನಾನು ಕಾಕಾನ ಕಡೆಯವನು" ಅಂತ ಹೇಳಿಕೊಂಡರೆ ಏನು ತಪ್ಪು? ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ನಿಧಾನಕ್ಕೆ ಓದಿ. ನಾನು ಒಂದು ಗೇಮ್ ಆ್ಯಪ್‌ಗೆ ಒಪ್ಪಿಗೆ ಕೊಟ್ಟೆ ಅಂತ ಇಟ್ಟುಕೊಳ್ಳಿ. ಅದರ ಕೈಗೆ ನನ್ನ ಆಕ್ಸೆಸ್ ಟೋಕನ್ ಬಂತು. ಗೇಮ್ ಮಾಡಿದವನು ಕಳ್ಳ. ಆ ಟೋಕನ್ ತೆಗೆದುಕೊಂಡು ನಾನು ಬಳಸುವ ಇನ್ನೊಂದು ಆ್ಯಪ್‌ನ ಬಾಗಿಲಿಗೆ ಹೋಗುತ್ತಾನೆ. ಆ ಆ್ಯಪ್ ದಡ್ಡತನದಿಂದ ಟೋಕನ್ ಕೊಟ್ಟ ಸರ್ವರ್‌ಗೆ "ಈ ಟೋಕನ್ ಯಾರದು?" ಅಂತ ಕೇಳುತ್ತೆ. ಸರ್ವರ್ ನಿಜವನ್ನೇ ಹೇಳುತ್ತೆ, ನನ್ನ ಹೆಸರು ಹೇಳುತ್ತೆ. ಬಾಗಿಲು ತೆರೀತು. ಒಳಗೆ ಹೋದದ್ದು ನಾನಲ್ಲ, ಅವನು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಪಾಸ್‌ವರ್ಡ್ ಕಳುವಾಗಿಲ್ಲ. ಕೇಳಿದ ಪ್ರಶ್ನೆ ತಪ್ಪು, ಅಷ್ಟೇ. ಚೀಟಿ ಯಾರ ಸಹಿಯದು ಅಂತ ಕೇಳಿ, ತಂದವನೇ ಸಹಿ ಮಾಡಿದವನು ಅಂದುಕೊಂಡರು.

ಐಡಿ ಟೋಕನ್ ಆಗಿದ್ದರೆ ಅದರಲ್ಲಿ "ಆಡ್" ಅನ್ನೋ ಜಾಗದಲ್ಲಿ ಗೇಮ್ ಆ್ಯಪ್‌ನ ಗುರುತು ಇರುತ್ತಿತ್ತು. ಆಡ್ ಅಂದರೆ ಆಡಿಯೆನ್ಸ್, ಈ ಪತ್ರ ಯಾರಿಗೆ ಬರೆದದ್ದು ಅಂತ. ಎರಡನೇ ಆ್ಯಪ್ ಅದನ್ನ ನೋಡಿ "ಇದು ನನಗೆ ಬರೆದದ್ದಲ್ಲ" ಅಂತ ವಾಪಸ್ ಕಳಿಸಬೇಕು. ಆ ಒಂದು ಸಾಲು ನೋಡದ ಆ್ಯಪ್‌ಗೆ ಐಡಿ ಟೋಕನ್ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.

ಕಣ್ಣಾರೆ ನೋಡಿ

ಹಳೇ ಲ್ಯಾಪ್‌ಟಾಪ್ ಸಾಕು. ಕೀಕ್ಲೋಕ್ ಅನ್ನೋ ಲಾಗಿನ್ ಸರ್ವರ್ ಪುಕ್ಕಟೆ ಸಿಗುತ್ತೆ, ಓಪನ್ ಸೋರ್ಸ್. ಹಾಕಿಕೊಂಡರೆ ಪೋರ್ಟ್ 8080ರಲ್ಲಿ ತೆರೆಯುತ್ತೆ. ಒಂದು ರೆಲ್ಮ್ (ಯೂಸರ್, ಆ್ಯಪ್ ಎಲ್ಲ ಇಡುವ ಜಾಗ), ಒಂದು ಕ್ಲೈಂಟ್ (ಅಂದರೆ ಆ್ಯಪ್), ಒಬ್ಬ ಯೂಸರ್ ಮಾಡಿ ಲಾಗಿನ್ ಆಗಿ, ಬಂದ ಎರಡೂ ಟೋಕನ್ ಬಿಚ್ಚಿ ನೋಡಿ. ಎರಡೂ ಚುಕ್ಕಿಯಿಂದ ಮೂರು ತುಂಡಾಗಿರುತ್ತವೆ. ಮಧ್ಯದ ತುಂಡು ಬರೀ ಬೇಸ್64 ಅನ್ನೋ ಬರವಣಿಗೆ, ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಓದಬಹುದು. ತಿದ್ದಿದರೆ ಮಾತ್ರ ಮೂರನೇ ತುಂಡಿನ ಸಹಿ ಕೂಡಲ್ಲ.

ನನ್ನ ಐಡಿ ಟೋಕನ್‌ನಲ್ಲಿ "ಟೈಪ್" ಎದುರಿಗೆ ಐಡಿ ಅಂತ, "ಆಡ್" ಎದುರಿಗೆ ನಾನೇ ಇಟ್ಟ ಕ್ಲೈಂಟ್ ಹೆಸರು "ತೊಗರಿ". ಆಕ್ಸೆಸ್ ಟೋಕನ್‌ನಲ್ಲಿ ಬೇರರ್ ಅಂತ, ಆಡ್ ಎದುರಿಗೆ "ಅಕೌಂಟ್". ನನ್ನ ಕ್ಲೈಂಟ್ ಹೆಸರು ಆ ಜಾಗದಲ್ಲಿ ಇರಲೇ ಇಲ್ಲ! ಮೂರು ತಿಂಗಳ ಓದಿಗಿಂತ ಆ ಎರಡು ಸಾಲು ಜಾಸ್ತಿ ಕಲಿಸಿದವು. ಇನ್ನೊಂದು: ಕೀಕ್ಲೋಕ್ ಆಕ್ಸೆಸ್ ಟೋಕನ್‌ಗೆ ತಾನಾಗಿ ಕೊಡುವ ಆಯಸ್ಸು 5 ನಿಮಿಷ. ಚಹಾ ಕುಡಿದು ಬರುವಷ್ಟರಲ್ಲಿ ಸತ್ತಿರುತ್ತೆ. ನಾನು ನೆಟ್ ಹೋಗಿದೆ ಅಂತ ರೂಟರ್ ಆಫ್-ಆನ್ ಮಾಡುತ್ತಾ ಕೂತಿದ್ದೆ.

ಕೆಲಸದ ವಿಷಯ

ಮೊದಲ ಕೆಲಸದಲ್ಲಿ ಟೋಕನ್ ಬಿಚ್ಚೋದು ಅಪರೂಪ. ಪಾಸ್‌ವರ್ಡ್ ರೀಸೆಟ್, ಅಕೌಂಟ್ ಅನ್‌ಲಾಕ್, ಗ್ರೂಪಿಗೆ ಸೇರಿಸೋದು, ಮೂರು ತಿಂಗಳಿಗೊಮ್ಮೆ ಯಾರಿಗೆ ಯಾವ ಆಕ್ಸೆಸ್ ಇದೆ ಅಂತ ಪಟ್ಟಿ ತೆಗೆಯೋದು ಇಂಥವೇ. ಇದನ್ನ ಜಾಯಿನರ್ (ಹೊಸದಾಗಿ ಸೇರಿದವ), ಮೂವರ್ (ವರ್ಗ ಆದವ), ಲೀವರ್ (ಬಿಟ್ಟು ಹೋದವ) ಅಂತ ವಿಂಗಡಿಸುತ್ತಾರೆ. ಎಲ್ಲರೂ ಲೀವರ್‌ಗೆ ಹೆದರುತ್ತಾರೆ. ನನ್ನ ಪ್ರಕಾರ ಮೂವರ್ ಇನ್ನೂ ಕಷ್ಟ. ಆಳಂದದಿಂದ ಸೇಡಂಗೆ ವರ್ಗ ಆದವನಿಗೆ ಹೊಸ ಶಾಖೆಯದು ತೆರೆಯುತ್ತಾರೆ, ಹಳೇದು ಮುಚ್ಚಲ್ಲ. ಅವನೇನೂ ದೂರು ಕೊಡಲ್ಲ, ಯಾಕೆ ಕೊಡುತ್ತಾನೆ? ನಾಲ್ಕು ವರ್ಗ ಆಗುವಷ್ಟರಲ್ಲಿ ಅವನ ಹತ್ತಿರ ಎಲ್ಲ ಬೀಗದ ಕೈ.

ಲೀವರ್ ಕತೆ ನನ್ನದೇ ಇದೆ. ಮೊದಲು ಡೇಟಾ ಎಂಟ್ರಿ ಮಾಡುತ್ತಿದ್ದ ಆಫೀಸು ಬಿಟ್ಟು ಎಂಟು ತಿಂಗಳಾಗಿತ್ತು. ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕ ಹಳೇ ಗೆಳೆಯ ನಗುತ್ತಾ, "ನಿನ್ನ ಲಾಗಿನ್ ಚಲೋ ನಡೀಲತ್ತದ, ಹೊಸ ಹುಡುಗ ಅದರಾಗೇ ಬಿಲ್ ಹಾಕ್ತಾನ," ಅಂದ. ಆಗ ನಾನೂ ನಕ್ಕೆ. ಈಗ ನಗು ಬರಲ್ಲ. ಆ ಬಿಲ್ಲುಗಳ ಮೇಲೆಲ್ಲ ನನ್ನ ಹೆಸರಿದೆ.

ಪರೀಕ್ಷೆ ಬರೆಯೋದಾದರೆ ಮೈಕ್ರೋಸಾಫ್ಟ್‌ನ ಎಸ್‌ಸಿ-900 ಮೊದಲು, ಎಸ್‌ಸಿ-300 ಆಮೇಲೆ. ಪಾಸಾಗಲು 1000ಕ್ಕೆ 700 ಬೇಕು. ಹಳೇ ನೋಟ್ಸ್ ಸಿಕ್ಕರೆ ಜೋಪಾನ: 2023ರಿಂದ ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆ ಅಜೂರ್ ಎಡಿಗೆ ಎಂಟ್ರಾ ಐಡಿ ಅಂತ ಹೆಸರು ಬದಲಾಗಿದೆ. ಎರಡೂ ಒಂದೇ ಅಂತ ತಿಳಿಯದೆ ನಾನು ಒಂದೇ ಪಾಠಕ್ಕೆ ಎರಡು ನೋಟ್‌ಬುಕ್ ತುಂಬಿಸಿದ್ದೇನೆ.

ಕಾಕಾಗೆ ಇದನ್ನೆಲ್ಲ ಓದಿ ಹೇಳಿದೆ. ಟೋಕನ್ನಿನ ಕತೆ ಕೇಳಿ ತಲೆ ಆಡಿಸಿದರು. ಮರುದಿನ ನೋಡಿದರೆ ಚೀಟಿ ಮೇಲೆ ತಾರೀಕಿನ ಪಕ್ಕ ಗಾಡಿ ನಂಬರೂ ಬರೆದಿತ್ತು.